ಆಕಾರ ತಪ್ಪಿದ ಲಸಿಕೆ: ಆರ್‌ಎಸ್‌ವಿ ತಡೆಯಲು ಅರ್ಧ ಶತಮಾನ ಹಿಡಿದದ್ದೇಕೆ

ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ ತಗಲಿರುತ್ತದೆ. ಮನೆಯಲ್ಲಿ ಅದನ್ನು ನೆಗಡಿ ಎಂದೇ ಕರೆಯುತ್ತೇವೆ. ಆದರೆ ಮೂರು ತಿಂಗಳ ಕೂಸಿಗೆ ಆ ನೆಗಡಿ ಎದೆಗಿಳಿದರೆ, ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಸಂದು ಒಳಕ್ಕೆ ಸೆಳೆಯುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಹಾಲು ಕುಡಿಯಲಾಗದೆ ಮಗು ಮೊಲೆ ಬಿಡುತ್ತದೆ.

ವೈರಸ್ ಮೊದಲು ಸಿಕ್ಕಿದ್ದು 1956ರಲ್ಲಿ, ಅಮೆರಿಕದಲ್ಲಿ ಶೀತ ಹಿಡಿದಿದ್ದ ಚಿಂಪಾಂಜಿಗಳಲ್ಲಿ. ವೈರಸ್ ತಜ್ಞ ರಾಬರ್ಟ್ ಚಾನಾಕ್ ಅದನ್ನೇ ಬಾಲ್ಟಿಮೋರಿನ ಶಿಶುಗಳಲ್ಲಿ ಗುರುತಿಸಿದರು. ಸಾಕ್ ಅವರ ಪೋಲಿಯೊ ಲಸಿಕೆ ಗೆದ್ದಿದ್ದ ಕಾಲವದು. ಇಲ್ಲೂ ಅದೇ ದಾರಿ ಹಿಡಿದರು. ವೈರಸ್ ಬೆಳೆಸಿ, ಫಾರ್ಮಲಿನ್ ಎಂಬ ರಾಸಾಯನಿಕದಲ್ಲಿ ನಿಷ್ಕ್ರಿಯಗೊಳಿಸಿ, ಲಸಿಕೆಯ ಪರಿಣಾಮ ಹೆಚ್ಚಿಸುವ ಆಲಂ ಬೆರೆಸಿ 1966ರ ಹೊತ್ತಿಗೆ ವಾಷಿಂಗ್ಟನ್‌ನ 31 ಶಿಶುಗಳಿಗೆ ಚುಚ್ಚಿದರು. ಮುಂದೆ ಸೋಂಕು ಬಂದಾಗ, ಲಸಿಕೆ ಪಡೆದು ಸೋಂಕಿತರಾದವರಲ್ಲಿ ಸುಮಾರು 80% ಮಕ್ಕಳು ಆಸ್ಪತ್ರೆ ಸೇರಿದರು. ಈ ಲಸಿಕೆ ಪಡೆಯದ ಮಕ್ಕಳಲ್ಲಿ ಆ ಪ್ರಮಾಣ 5%. ಇಬ್ಬರು ಮಕ್ಕಳು ತೀರಿಕೊಂಡರು. ಶಿಶುಗಳ ಮೇಲೆ ಮತ್ತೆ ಇಂಥ ಪ್ರಯೋಗ ಮಾಡಲು ದಶಕಗಳ ಕಾಲ ಯಾರಿಗೂ ಧೈರ್ಯ ಬರಲಿಲ್ಲ. ಬರಬಾರದಿತ್ತು ಕೂಡ.

ಎಡವಟ್ಟು ಇದ್ದದ್ದು ವೈರಸ್ ಮೈಮೇಲಿನ ಎಫ್ ಪ್ರೋಟೀನಿನಲ್ಲಿ. ಜೀವಕೋಶದೊಳಕ್ಕೆ ನುಗ್ಗುವ ಮೊದಲು ಅದು ಎಳೆದು ಸಿಕ್ಕಿಸಿದ ಇಲಿಬೋನಿನ ಸ್ಪ್ರಿಂಗ್‌ನಂತೆ ಬಿಗಿದಿರುತ್ತದೆ. ಒಮ್ಮೆ ಸಿಡಿದರೆ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಮತ್ತೆ ಹಿಂದಿನ ಆಕಾರಕ್ಕೆ ಮರಳುವುದಿಲ್ಲ. ವೈರಸ್ಸನ್ನು ನಿಜಕ್ಕೂ ತಡೆಯುವ ಪ್ರಬಲ ಪ್ರತಿಕಾಯಗಳು (ದೇಹ ತಯಾರಿಸುವ ರಕ್ಷಣಾ ಪ್ರೋಟೀನುಗಳು) ಕೂರುವುದು ಸಿಡಿಯದ ಆಕಾರದ ನೆತ್ತಿಯ ಮೇಲೆ. ಫಾರ್ಮಲಿನ್ ಲಸಿಕೆಯಲ್ಲಿದ್ದ ಎಫ್ ಬಹುಪಾಲು ಸಿಡಿದದ್ದು. ಹೀಗಾಗಿ ಹುಟ್ಟಿದ ಪ್ರತಿಕಾಯಗಳು ವೈರಸ್ಸಿಗೆ ಅಂಟಿಕೊಂಡವು, ತಡೆಯಲಿಲ್ಲ. ಎರಡೂ ಸೇರಿ ಪುಟ್ಟ ಶ್ವಾಸನಾಳಗಳಲ್ಲಿ ಶೇಖರವಾಗಿ ಉರಿಯೂತ ಎಬ್ಬಿಸಿದವು.

2013ರಲ್ಲಿ ವಿಜ್ಞಾನಿಗಳಾದ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ ಮತ್ತವರ ಸಹೋದ್ಯೋಗಿಗಳು ಡಿ25 ಎಂಬ ಪ್ರತಿಕಾಯದಿಂದ ಸಿಡಿಯದ ಎಫ್ ಅನ್ನು ಹಿಡಿದು ನಿಲ್ಲಿಸಿ ಅದರ ರಚನೆ ಬಿಡಿಸಿದರು. ಆಮೇಲೆ ಅದಕ್ಕೆ ಬೀಗ ಹಾಕಿದರು. ಪ್ರೋಟೀನು ಅಮೈನೊ ಆಮ್ಲಗಳ ಸರಪಳಿ; ಅದರ 155 ಮತ್ತು 290ನೇ ಸ್ಥಾನಗಳಲ್ಲಿ ಸಿಸ್ಟೀನ್ ಎಂಬ ಅಮೈನೊ ಆಮ್ಲ ಇಟ್ಟು ಎರಡನ್ನೂ ಗಂಧಕದ ಕೊಂಡಿಯಿಂದ ಬೆಸೆದರು. 190 ಮತ್ತು 207ರಲ್ಲಿ ದಪ್ಪ ಅಮೈನೊ ಆಮ್ಲಗಳನ್ನು ಕೂರಿಸಿ ಒಳಗಿನ ಪೊಳ್ಳು ತುಂಬಿದರು. ನಾಲ್ಕೇ ಬದಲಾವಣೆ.

ಸಿಡಿಯದ ಎಫ್ ಆಧರಿಸಿದ ಲಸಿಕೆಗಳಿಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು: ಮೊದಲು 60 ದಾಟಿದವರಿಗೆ, ಬಳಿಕ ಗರ್ಭಿಣಿಯರಿಗೆ. ತಾಯಿಯ ಪ್ರತಿಕಾಯ ಹೊಕ್ಕುಳ ಬಳ್ಳಿಯ ಮೂಲಕ ಮಗುವಿಗೆ ಇಳಿಯಲು ಸುಮಾರು ಎರಡು ವಾರ ಬೇಕು. ಬೇಗ ಕೊಡೋಣವೆಂದರೆ ಅವಧಿಪೂರ್ವ ಹೆರಿಗೆಯ ಆತಂಕ. ಇನ್ನೊಂದು ಕಂಪನಿಯ ಗರ್ಭಿಣಿಯರ ಪ್ರಯೋಗ ಅದೇ ಕಾರಣಕ್ಕೆ 2022ರಲ್ಲಿ ನಿಂತಿತ್ತು. ಅದಕ್ಕೇ ಅಮೆರಿಕದಲ್ಲಿ ಲಸಿಕೆಗೆ ಗರ್ಭದ 32ರಿಂದ 36ನೇ ವಾರದ ಕಿಟಕಿ. ತಾಯಿ ಚುಚ್ಚಿಸಿಕೊಳ್ಳದಿದ್ದರೆ ಮಗುವಿಗೇ ನಿರ್ಸೆವಿಮ್ಯಾಬ್ ಕೊಡಬಹುದು. ಇದು ಲಸಿಕೆಯಲ್ಲ, ಡಿ25 ಅನ್ನೇ ತಿದ್ದಿ ಮಾಡಿದ ಸಿದ್ಧ ಪ್ರತಿಕಾಯ: ಮಗು ಎದುರಿಸುವ ಮೊದಲ ಆರ್‌ಎಸ್‌ವಿ ಋತುವಿಗೆ 5 ಕೆಜಿಗಿಂತ ಕಡಿಮೆ ತೂಕದ ಕೂಸಿಗೆ 50 ಮಿಲಿಗ್ರಾಂ, ಮೇಲ್ಪಟ್ಟರೆ 100.

ಶಿಶುವಿನ ದೇಹವೇ ಪ್ರತಿಕಾಯ ತಯಾರಿಸುವಂಥ ಲಸಿಕೆ ಮಾತ್ರ ಇನ್ನೂ ಕೈಗೆಟುಕಿಲ್ಲ. 2024ರಲ್ಲಿ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀವಕೋಶಕ್ಕೆ ಸೂಚನೆ ಕೊಡುವ ಅಣು) ಲಸಿಕೆಯೊಂದನ್ನು ಶಿಶುಗಳಲ್ಲಿ ಪರೀಕ್ಷಿಸುವಾಗ ಲಸಿಕೆ ಪಡೆದವರಲ್ಲೇ ತೀವ್ರ ಕಾಯಿಲೆ ಹೆಚ್ಚು ಕಂಡಿತು. ಪ್ರಯೋಗವನ್ನು ಅಲ್ಲಿಗೇ ತಡೆದರು.