ಅಳಿಸಿದ ಫೋಟೊ ಅಳಿಯುವುದಿಲ್ಲ

ಮಗುವಿನ ಫೋಟೊವನ್ನು ಇಂಟರ್ನೆಟ್‌ಗೆ ಹಾಕಿದ್ದೆವು, ಆಮೇಲೆ ಡಿಲೀಟ್ ಮಾಡಿಬಿಟ್ಟೆವು, ಇನ್ನೇನು ಭಯ? ಅಪ್ಪ ಅಮ್ಮಂದಿರು ಹೀಗೆ ಹೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಇಂಟರ್ನೆಟ್‌ನ ಫೋಟೊಗಳಿಂದ ಕಲಿಯುವ ಎಐ (ಕೃತಕ ಬುದ್ಧಿಮತ್ತೆ) ಎಂದರೆ ಚಿತ್ರಗಳನ್ನು ತುಂಬಿಟ್ಟ ದೊಡ್ಡ ಬೀರು, ಒಂದನ್ನು ತೆಗೆದರೆ ಮುಗಿಯಿತು ಎಂದು ಅವರು ನಂಬಿದ್ದಾರೆ. ಅಲ್ಲಿ ಬೀರುವೇ ಇಲ್ಲ!

ಚಿತ್ರ ಬರೆಯುವ ಎಐ ಕಲಿಯುವ ರೀತಿಯೇ ಒಂದು ಸೋಜಿಗ. ಫೋಟೊದ ಮೇಲೆ ಗೊತ್ತುಗುರಿಯಿಲ್ಲದ ಚುಕ್ಕೆಗಳನ್ನು ಹಂತಹಂತವಾಗಿ ಎರಚಿ ಅದನ್ನು ಮಸುಕು ಮಾಡುತ್ತಾರೆ. ಆ ಚುಕ್ಕೆಗಳು ಯಾವುವೆಂದು ಊಹಿಸಿ ತೆಗೆಯುವುದು ಯಂತ್ರದ ಕೆಲಸ. ಊಹೆ ತಪ್ಪಿದಾಗೆಲ್ಲ ಅದರೊಳಗಿನ ಕೋಟ್ಯಂತರ ಅಂಕಿಗಳು ಕೂದಲೆಳೆಯಷ್ಟು ಸರಿಯುತ್ತವೆ. ಕೊನೆಗೆ ಉಳಿಯುವುದು ಆ ಅಂಕಿಗಳು ಮಾತ್ರ. ನೀರಿಗೆ ಬಿದ್ದ ಉಪ್ಪಿನ ಹರಳನ್ನು ನೆನೆಯಿರಿ. ಹರಳು ಕಾಣದು, ರುಚಿ ಹೋಗದು. ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ ಹುಲ್ಲಿನ ನಡುವೆ ಸವೆದ ಕಾಲುದಾರಿ. ಸಾವಿರಾರು ಜನ ತುಳಿದು ಆದ ದಾರಿಯಿಂದ ಒಬ್ಬರ ಹೆಜ್ಜೆಯನ್ನು ಮಾತ್ರ ಹೇಗೆ ಹಿಂದಕ್ಕೆ ಪಡೆಯುವುದು?

ಹಾಗೆಂದು ಎಲ್ಲ ಹೆಜ್ಜೆಗಳೂ ಬೆರೆತುಹೋಗುತ್ತವೆ ಎಂದು ನೆಮ್ಮದಿಪಡುವಂತಿಲ್ಲ. ಹಸಿಮಣ್ಣಿನಲ್ಲಿ ಒಂದೇ ಪಾದ ಮತ್ತೆ ಮತ್ತೆ ಬಿದ್ದರೆ ಅಚ್ಚು ಹಾಗೇ ನಿಲ್ಲುತ್ತದೆ. ಎಐಗೆ ಕಲಿಯಲು ಕೊಟ್ಟ ರಾಶಿಯಲ್ಲಿ ಪದೇಪದೇ ಬಂದ ಚಿತ್ರಗಳ ಗತಿ ಹೀಗೇ. 2023ರಲ್ಲಿ ಸಂಶೋಧಕರು ಹೀಗೆ ಕಲಿತ ಎಐ ಮಾಡೆಲ್‌ಗಳಿಂದ ನೂರಕ್ಕೂ ಹೆಚ್ಚು ಮೂಲ ಚಿತ್ರಗಳನ್ನು ಹೆಚ್ಚುಕಡಿಮೆ ಇದ್ದಂತೆಯೇ ಹೊರಗೆಳೆದು ತೋರಿಸಿದರು. ಅವುಗಳಲ್ಲಿ ನಿಜವಾದ ಜನರ ಫೋಟೊಗಳೂ ಇದ್ದವು.

ರಾಶಿ ಎಂದೆನಲ್ಲ, ಅದರ ಗಾತ್ರ ನೋಡಿ. ಎಐ ಕಲಿಕೆಗೆಂದು 2022ರಲ್ಲಿ ಬಿಡುಗಡೆಯಾದ ಲಯಾನ್-5ಬಿ ಎಂಬ ಸಂಗ್ರಹದಲ್ಲಿ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳೂ ವಿವರಣೆಗಳೂ ಇದ್ದವು. ಬ್ರೆಜಿಲ್‌ನ ಮಕ್ಕಳ ಖಾಸಗಿ ಫೋಟೊಗಳು ಅದರಲ್ಲಿ ಸೇರಿಕೊಂಡಿರುವುದನ್ನು 2024ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ ಪತ್ತೆಹಚ್ಚಿತು. ಕೆಲವು ಮಕ್ಕಳ ಹೆಸರು ಚಿತ್ರದ ವಿವರಣೆಯಲ್ಲೇ ಇತ್ತು. ಮನೆಯವರು ನಾಲ್ಕು ಜನಕ್ಕೆಂದು ಹಾಕಿದ್ದು ಯಂತ್ರದ ಪಾಠವಾಗಿತ್ತು.

ಇನ್ನೊಂದು ಅಪಾಯ ಇದಕ್ಕಿಂತ ಘೋರ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ತಡೆಯಲು 2009ರಿಂದ ಫೋಟೊಡಿಎನ್‌ಎ ಎಂಬ ತಂತ್ರವಿದೆ. ಒಮ್ಮೆ ಸಿಕ್ಕ ಚಿತ್ರದ ‘ಬೆರಳಚ್ಚು’ ಇಟ್ಟುಕೊಂಡು, ಅದೇ ಚಿತ್ರ ಮತ್ತೆ ಬಂದರೆ ಹಿಡಿಯುತ್ತದೆ. ಎಐ ಆಗಷ್ಟೇ ಸೃಷ್ಟಿಸಿದ ಚಿತ್ರಕ್ಕೆ ಹಳೆಯ ಬೆರಳಚ್ಚು ಎಲ್ಲಿಂದ ಬರಬೇಕು? ಮಗುವಿನ ಒಂದು ಸಾದಾ ಫೋಟೊ ಸಿಕ್ಕರೂ ಅದನ್ನು ನೀಚ ಕೆಲಸಕ್ಕೆ ತಿರುಚಬಲ್ಲವರಿದ್ದಾರೆ.

ಫೋಟೊ ಹಾಕುವವರು ದೊಡ್ಡವರು. ಆದರೆ ತಮ್ಮ ಮನದ ಮಾತನ್ನು ಚಾಟ್‌ಬಾಟ್‌ಗೆ, ಅಂದರೆ ಸಂಭಾಷಣೆ ನಡೆಸುವ ಪ್ರೋಗ್ರಾಂಗೆ, ಮಕ್ಕಳೇ ಒಪ್ಪಿಸುತ್ತಾರೆ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಸಂಭಾಷಣೆಯ ಪ್ರೋಗ್ರಾಂ ಪ್ರಕಟಿಸಿದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿಸುವುದಷ್ಟೇ ಅದರ ವಿದ್ಯೆ. ಅದು ಬರೀ ಪ್ರೋಗ್ರಾಂ ಎಂದು ಬಲ್ಲ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗಿಳಿದು, ನೀವು ಸ್ವಲ್ಪ ಆಚೆ ಹೋಗಿ ಎಂದು ಅವರನ್ನು ಕೇಳಿಕೊಂಡರು! ಮುಂದೆ ಎಲ್ಲರ ಸಂಭಾಷಣೆಗಳನ್ನೂ ದಾಖಲಿಸಿ ನೋಡೋಣ ಎಂದು ವೈಜೆನ್‌ಬಾಮ್ ಸೂಚಿಸಿದಾಗ, ನಮ್ಮ ಅಂತರಂಗಕ್ಕೆ ಕಣ್ಣು ಹಾಕುತ್ತೀರಾ ಎಂದು ಜನ ಸಿಡಿದೆದ್ದರು. ಇಂದಿನ ಹಲವು ಚಾಟ್‌ಬಾಟ್‌ಗಳಲ್ಲಿ ಆ ದಾಖಲೆ ತಾನಾಗಿಯೇ ಆಗುತ್ತದೆ. ಬೇಡವೆನ್ನುವ ಆಯ್ಕೆ ಇದ್ದರೂ ಅದು ಸೆಟ್ಟಿಂಗ್ಸ್‌ನ ಒಳಗೆಲ್ಲೋ ಇರುತ್ತದೆ; ಅಂದು ಸಿಡಿದೆದ್ದ ದೊಡ್ಡವರ ಜಾಗದಲ್ಲಿ, ಶಾಲೆಯಲ್ಲಿ ಯಾರು ಹೊಡೆದರೆಂದು ಟೈಪ್ ಮಾಡುತ್ತಿರುವ ಒಂಬತ್ತು ವರ್ಷದ ಮಗುವಿದೆ.