ತಣ್ಣೀರಿನ ಟ್ಯಾಂಕಿಗೆ ಸರ್ಟಿಫಿಕೇಟ್ ಯಾಕಿಲ್ಲ?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಎಷ್ಟೋ ತೋಟಗಳಿಗೆ ಮೊದಲು ಸುರಂಗದ ನೀರೇ ಆಧಾರ. ಮುರಕಲ್ಲಿನ ಗುಡ್ಡ ಕೊರೆದರೆ ನೀರು ತಾನಾಗಿ ಇಳಿದು ಬರುತ್ತಿತ್ತು. ಆಮೇಲೆ ಬೋರ್‌ವೆಲ್ ಬಂತು, ಪಂಪು ಬಂತು. ಮಾಡಿನ ಮೇಲಿನ ಟ್ಯಾಂಕಿನಿಂದ ಒತ್ತಡ ಸಿಗುವುದು ಅಷ್ಟಕ್ಕಷ್ಟೇ: 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ (ಬಾರ್ ಎಂದರೆ ಒತ್ತಡದ ಅಳತೆ). ಜಾಸ್ತಿ ಬೇಕೆಂದವರು ಮುಚ್ಚಿದ ಕಬ್ಬಿಣದ ಪ್ರೆಶರ್ ಟ್ಯಾಂಕ್ ಕೂರಿಸಿದರು. ಒಳಗೆ ಅರ್ಧ ನೀರು, ಅರ್ಧ ಗಾಳಿ. ಪಂಪು ನಿಂತರೂ ಒತ್ತಿದ ಗಾಳಿ ನೀರನ್ನು ತಳ್ಳುತ್ತದೆ.

ಈ ಟ್ಯಾಂಕುಗಳಿಗೆ ವಯಸ್ಸಾಗಿ ಸೋರತೊಡಗಿದರೆ ನೆನಪಾಗುವುದು ವೆಲ್ಡಿಂಗ್ ಅಂಗಡಿ. ತಪಾಸಣೆ, ಸರ್ಟಿಫಿಕೇಟ್ ಎಂದರೆ ಜನ ನಗುತ್ತಾರೆ. ಅದಕ್ಕೂ ಒಂದು ಚರಿತ್ರೆ ಇದೆ.

ನಮ್ಮ ಕಾನೂನು ಮೊದಲು ಹೆದರಿದ್ದು ಬೆಂಕಿ ಮತ್ತು ಹಬೆಗೆ. 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಸಿಡಿದು ಜನ ಸತ್ತರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯ್ದೆ ಬಂತು. ಬೇರೆ ಪ್ರಾಂತ್ಯಗಳೂ ತಮಗೆ ತೋಚಿದಂತೆ ನಿಯಮ ಮಾಡಿಕೊಂಡವು. ಎಲ್ಲಕ್ಕೂ ಒಂದೇ ಕಾನೂನು ಬಂದದ್ದು 1923ರಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿತ್ತು. ಆ 1923ರ ಕಾನೂನಿನ ಜಾಗಕ್ಕೆ ಈಗ 2025ರ ಬಾಯ್ಲರ್ ಕಾಯ್ದೆ ಬಂದಿದೆ. ತಣ್ಣೀರಿನ ಟ್ಯಾಂಕು ಇದರಲ್ಲಿ ಎಲ್ಲೂ ಬರುವುದಿಲ್ಲ.

ಒತ್ತಿಟ್ಟ ಗ್ಯಾಸಿನ ದೊಡ್ಡ ಟ್ಯಾಂಕುಗಳಿಗೆ 1981ರಲ್ಲಿ ಬೇರೆ ನಿಯಮ ಬಂತು, 2016ರಲ್ಲಿ ಅದನ್ನು ಹೊಸದಾಗಿ ಬರೆದರು. ನೋಡಿಕೊಳ್ಳುವುದು ನಾಗಪುರದ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆಯ ಕೇಂದ್ರ ಸರ್ಕಾರಿ ಸಂಸ್ಥೆ. ಅದು 1000 ಲೀಟರಿಗಿಂತ ದೊಡ್ಡ ಗ್ಯಾಸ್ ಪಾತ್ರೆಗಳ ಮಾತು. ಇನ್ನು ಉಳಿದದ್ದು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ. ವಾತಾವರಣಕ್ಕಿಂತ ಹೆಚ್ಚಿನ ಒತ್ತಡದಲ್ಲಿ ನಡೆಯುವ ಸಾಧನಗಳನ್ನು ಅದರ 31ನೇ ಸೆಕ್ಷನ್ ಹಿಡಿಯಿತು. ಆದರೆ ಕಾರ್ಖಾನೆಯ ಗೇಟಿನೊಳಗೆ ಮಾತ್ರ! ಅದೇ ಟ್ಯಾಂಕ್ ಮನೆಯ ಹಿತ್ತಿಲಲ್ಲಿದ್ದರೆ ಕೇಳುವವರಿಲ್ಲ.

ನಮ್ಮವರನ್ನೇ ಬೈಯುವುದೂ ಸರಿಯಲ್ಲ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ (ಎಎಸ್‌ಎಂಇ) ಸಂಹಿತೆಯೂ ಗಾಳಿಯ ಮೆತ್ತೆಯಿರುವ ನೀರಿನ ಟ್ಯಾಂಕನ್ನು 300 ಪಿಎಸ್‌ಐವರೆಗೆ (ಸುಮಾರು 20 ಬಾರ್) ಹೊರಗಿಟ್ಟಿದೆ, ನೀರು ತುಂಬಾ ಬಿಸಿಯಿರಬಾರದು ಅಷ್ಟೇ. ಆದರೆ ಟ್ಯಾಂಕ್ ಗಟ್ಟಿಯಾಗಿದ್ದರೆ ಮಾತ್ರ ಈ ವಿನಾಯಿತಿಗೆ ಅರ್ಥ, ಅಲ್ವಾ? ನಮ್ಮ ಮುರಕಲ್ಲಿನ ನೆಲದ ನೀರು ಹಲವೆಡೆ ಆಮ್ಲೀಯ. ಕಬ್ಬಿಣವನ್ನು ಒಳಗಿನಿಂದಲೇ ತಿನ್ನುತ್ತದೆ. ಕುಂಬಳೆ, ಮಂಜೇಶ್ವರದ ಕಡಲ ಬದಿಯಲ್ಲಾದರೆ ಹೊರಗಿನಿಂದ ಉಪ್ಪುಗಾಳಿ ಬೇರೆ. ಮೇಲಿನ ಪೇಂಟ್ ನೋಡಿ ಏನೂ ಹೇಳಲಾಗದು.

ಸೂಜಿಮೊನೆಯಷ್ಟು ತೂತು ಕಂಡರೆ ಅದರ ಸುತ್ತಲ ತಗಡೂ ಸವೆದಿರುವುದೇ ಜಾಸ್ತಿ. ಅದರ ಮೇಲೆ ತೇಪೆ ಹಾಕಿದರೆ ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ. ಮೊದಲು ಅಲ್ಟ್ರಾಸಾನಿಕ್ ಗೇಜಿನಲ್ಲಿ ದಪ್ಪ ಅಳೆಸಬೇಕು. ತಗಡು ಗಟ್ಟಿಯಿದ್ದರೆ ಕೆಟ್ಟ ಭಾಗ ಕತ್ತರಿಸಿ, ಈ ಕೆಲಸದಲ್ಲಿ ಪಳಗಿದ ವೆಲ್ಡರ್ ಕೈಯಲ್ಲಿ ಬೆಸೆಸಿ, ಮತ್ತೆ ಪರೀಕ್ಷೆ ಮಾಡಿಸಬೇಕು. 1969ರ ಭಾರತೀಯ ಮಾನದಂಡ ಐಎಸ್ 2825ರ ಪ್ರಕಾರ ನೀರು ತುಂಬಿ ಒತ್ತಡ ಕೊಡುವ ಪರೀಕ್ಷೆ ವಿನ್ಯಾಸ ಒತ್ತಡದ, ಅಂದರೆ ಟ್ಯಾಂಕನ್ನು ಯಾವ ಒತ್ತಡಕ್ಕೆಂದು ಮಾಡಿದ್ದಾರೋ ಅದರ, 1.3 ಪಟ್ಟು. ಟ್ಯಾಂಕಿನ ನೇಮ್‌ಪ್ಲೇಟ್ ಉದುರಿ ಹೋಗಿದ್ದರೆ ಆ ವಿನ್ಯಾಸ ಒತ್ತಡ ಎಷ್ಟೆಂದೇ ಗೊತ್ತಾಗದು. ಅಂಥದ್ದನ್ನು ಗುಜರಿಗೆ ಕೊಡುವುದೇ ವಾಸಿ.

ನೀರಿನ ಬದಲು ಕಂಪ್ರೆಸರ್‌ನಿಂದ ಗಾಳಿ ತುಂಬಿ ಸುಮ್ನೆ ಸೋರಿಕೆ ನೋಡುವವರಿದ್ದಾರೆ. ಅದು ಅಪಾಯ. ಬರೀ ನೀರು ತುಂಬಿದ ಟ್ಯಾಂಕ್ ಬಿರಿದರೆ ಒತ್ತಡ ತಕ್ಷಣ ಇಳಿಯುತ್ತದೆ, ನೀರು ಕುಗ್ಗುವುದಿಲ್ಲವಲ್ಲ. ಗಾಳಿ ಹಾಗಲ್ಲ. ಒತ್ತಿಟ್ಟದ್ದೆಲ್ಲ ಒಮ್ಮೆಗೇ ಹಿಗ್ಗಿ ತಗಡನ್ನೇ ಎಸೆಯುತ್ತದೆ.