ತಂದೆ ಹನೋಯಿಯಲ್ಲೇ ಉಳಿದರು: ನಟಿ ಕಿಯೂ ಚಿನ್ ನಡೆದು ಬಂದ ದಾರಿ

1993ರ ‘ದಿ ಜಾಯ್ ಲಕ್ ಕ್ಲಬ್’ ಚಿತ್ರದಲ್ಲಿ ತಾಯಿಯೊಬ್ಬಳು ಯುದ್ಧಕ್ಕೆ ಹೆದರಿ ಊರು ಬಿಟ್ಟು ಹೊರಟಿದ್ದಾಳೆ. ಕೈಗಾಡಿಯಲ್ಲಿ ಅವಳಿ ಹೆಣ್ಣುಕೂಸುಗಳು. ಗಾಡಿ ಮುರಿಯುತ್ತದೆ, ಮೈಯಲ್ಲಿ ತ್ರಾಣ ಉಳಿಯುವುದಿಲ್ಲ. ಕೊನೆಗೆ ಕೂಸುಗಳನ್ನು ದಾರಿಬದಿಯಲ್ಲೇ ಬಿಟ್ಟು ಹೋಗುತ್ತಾಳೆ. ಕಥೆ ಚೀನಾದ್ದು, ಆ ತಾಯಿಯ ಪಾತ್ರ ಮಾಡಿದ ಕಿಯೂ ಚಿನ್ ವಿಯೆಟ್ನಾಂನವರು. ಅಗಲಿಕೆಯ ಸಂಕಟವನ್ನು ಅವರಿಗೆ ಯಾವ ನಿರ್ದೇಶಕರೂ ಹೇಳಿಕೊಡಬೇಕಾಗಿರಲಿಲ್ಲ.

ಚಿನ್ ಹುಟ್ಟಿದ್ದು 1937ರಲ್ಲಿ, ಹನೋಯಿಯಲ್ಲಿ. ಎರಡನೇ ಮಹಾಯುದ್ಧದ ಬಾಂಬ್ ದಾಳಿಗೆ ತಾಯಿಯೂ ಆಗಷ್ಟೇ ಹುಟ್ಟಿದ್ದ ಹಸುಗೂಸೂ ಬಲಿಯಾದರು. 1954ರ ಜಿನೀವಾ ಒಪ್ಪಂದ ವಿಯೆಟ್ನಾಂ ದೇಶವನ್ನು 17ನೇ ಅಕ್ಷಾಂಶದಲ್ಲಿ ಕಮ್ಯುನಿಸ್ಟ್ ಉತ್ತರ ಮತ್ತು ದಕ್ಷಿಣ ಎಂದು ಸೀಳಿದಾಗ ಲಕ್ಷಾಂತರ ಜನ ದಕ್ಷಿಣಕ್ಕೆ ಹೊರಟರು. ಇವರ ಮನೆಯವರೂ ಹೊರಡಲು ಸಿದ್ಧರಾಗಿದ್ದರು. ಅಷ್ಟರಲ್ಲಿ ಅಣ್ಣ ಮನೆ ಬಿಟ್ಟು ಹೋದ. ಮಗನನ್ನು ಹುಡುಕಲು ತಂದೆ ಉಳಿದುಕೊಂಡರು, ಮಗಳನ್ನು ಪರಿಚಿತ ಕುಟುಂಬದೊಂದಿಗೆ ವಿಮಾನ ಹತ್ತಿಸಿದರು. ಹಿಂದೆಯೇ ಬರುತ್ತೇನೆಂದ ತಂದೆಯ ಮುಖವನ್ನು ಆ ಹುಡುಗಿ ಮತ್ತೆಂದೂ ನೋಡಲಿಲ್ಲ.

ದಕ್ಷಿಣದ ರಾಜಧಾನಿ ಸೈಗಾನ್‌ನಲ್ಲಿ 1957ರಲ್ಲಿ ಮೊದಲ ಚಿತ್ರ. ಮುಂದಿನ ದಶಕದಲ್ಲಿ ಅವರು ದಕ್ಷಿಣ ವಿಯೆಟ್ನಾಂನ ದೊಡ್ಡ ತಾರೆ. 1970ರ ‘ದಿ ಈವಿಲ್ ವಿದಿನ್’ ಚಿತ್ರದಲ್ಲಿ ನಮ್ಮ ದೇವ್ ಆನಂದ್ ಜೊತೆಗೂ ನಟಿಸಿದರು, ಅದೂ ಭಾರತದ ರಾಜಕುಮಾರಿಯಾಗಿ!

1975ರ ಏಪ್ರಿಲ್‌ನಲ್ಲಿ ಸೈಗಾನ್ ಉತ್ತರದ ಸೇನೆಯ ವಶವಾಗುವ ಹೊತ್ತಿಗೆ ಅವರ ಕೈಲಿದ್ದ ಪಾಸ್‌ಪೋರ್ಟ್‌ಗೆ ಬೆಲೆಯೇ ಇಲ್ಲದಾಯಿತು. ದೇಶವೇ ಇಲ್ಲದವರಿಗೆ ಯಾರು ವೀಸಾ ಕೊಡುತ್ತಾರೆ? ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಅಲೆದು ಕೊನೆಗೆ ಟೊರೊಂಟೊ ಸೇರಿದರು. ಅಲ್ಲಿ ಸಿಕ್ಕ ಕೆಲಸ, ಕೋಳಿ ಫಾರಂನಲ್ಲಿ ಹಿಕ್ಕೆ ಬಳಿದು ತೊಳೆಯುವುದು. ಮೊನ್ನೆಮೊನ್ನೆಯವರೆಗೆ ಜನ ಮುತ್ತಿಕೊಳ್ಳುತ್ತಿದ್ದ ನಟಿ ಪೊರಕೆ ಹಿಡಿದು ನಿಂತಿದ್ದನ್ನು ನೆನೆದರೆ ಈಗಲೂ ಕರುಳು ಚುರುಕ್ ಎನ್ನುತ್ತದೆ. ಹಳೆಯ ಪರಿಚಯದ ಹಾಲಿವುಡ್ ನಟಿ ಟಿಪ್ಪಿ ಹೆಡ್ರೆನ್ ನೆರವಿಗೆ ಬಂದು ಅಮೆರಿಕಕ್ಕೆ ಕರೆಸಿಕೊಂಡರು.

1977ರಲ್ಲಿ ಕೊರಿಯಾ ಯುದ್ಧದ ಕಥೆಯ ಅಮೆರಿಕದ ಟಿವಿ ಧಾರಾವಾಹಿ ‘ಮ್ಯಾಶ್’ನಲ್ಲಿ ಅವಕಾಶ ಸಿಕ್ಕಿತು, ಕೊರಿಯಾದ ಹೆಣ್ಣಾಗಿ. ಆಮೇಲೆ ಚೀನಾದ ತಾಯಿಯಾಗಿ. ವಿಯೆಟ್ನಾಂ ಯುದ್ಧದ ಮೇಲೆ ಹಾಲಿವುಡ್ ಸಾಲುಸಾಲು ಚಿತ್ರ ತೆಗೆಯಿತು, ಆದರೆ ಅವುಗಳಲ್ಲಿ ಬಹುಪಾಲು ಅಮೆರಿಕದ ಸೈನಿಕನ ನೋವೇ. ಮನೆ ಕಳೆದುಕೊಂಡವರು ಹಿನ್ನೆಲೆಯ ಜನಜಂಗುಳಿಯಾದರು. ಇದು ಅನ್ಯಾಯವೆಂದೇ ನನ್ನ ಭಾವನೆ. ದೋಣಿಯಲ್ಲಿ ದೇಶ ಬಿಟ್ಟ ವಿಯೆಟ್ನಾಮೀಯರ ಕಥೆಯ ‘ಜರ್ನಿ ಫ್ರಂ ದಿ ಫಾಲ್’ ಬರಲು 2006 ಆಗಬೇಕಾಯಿತು. ಅದರಲ್ಲಿ ಚಿನ್ ಅಜ್ಜಿ. ಆಡಿದ್ದು ತಮ್ಮದೇ ಭಾಷೆ.

ಅದಕ್ಕೂ ಮೊದಲು, 1993ರಲ್ಲಿ, ಅಮೆರಿಕದ ಮಾಜಿ ಯೋಧರೊಂದಿಗೆ ಸೇರಿ ವಿಯೆಟ್ನಾಂನಲ್ಲಿ ಶಾಲೆ ಕಟ್ಟುವ ನಿಧಿಯೊಂದನ್ನು ಆರಂಭಿಸಿದ್ದರು. ಮೊದಲ ಶಾಲೆ ಎದ್ದಿದ್ದು ಡೋಂಗ್ ಹಾದಲ್ಲಿ, ಅವರ ಮನೆಯನ್ನು ಒಡೆದ ಅದೇ 17ನೇ ಅಕ್ಷಾಂಶದ ಹತ್ತಿರ. 1995ರಲ್ಲಿ ಅದರ ಉದ್ಘಾಟನೆಗೆ ಹೋದವರು ಹನೋಯಿಗೂ ಹೋದರು. ತಂದೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಣ್ಣ ಸಿಕ್ಕ. 41 ವರ್ಷಗಳ ನಂತರ ಅಣ್ಣತಂಗಿ ಮತ್ತೆ ಮುಖ ನೋಡಿಕೊಂಡರು.